ಬಟ್ಟೆಯ ಇನ್ನೊಂದು ತುದಿ

ಫೆಬ್ರವರಿ ೩

ಪೀಪಿ,

ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಬರೆದೆ ಅಂದುಕೋ.

ನಿನ್ನ ಹೊಸ ಕ್ಯಾಸೆಟ್ಟು ನಮ್ಮ ಲಾಂಡ್ರಿಗೂ ಬಂತು. ನೀನು ಕಳಿಸಿದ್ದಲ್ಲ, ಇಸ್ತ್ರಿಯವಳು ಕೊಂಡು ತಂದಳು. ಆಸ್ಪತ್ರೆಯವರು ಹೊಸ ಯಂತ್ರಗಳನ್ನು ತಂದು ಕೂರಿಸಿದ ಮೇಲೆ ಇಲ್ಲಿ ಪಕ್ಕದವಳು ಕೂಗಿದರೂ ಕೇಳಿಸುವುದಿಲ್ಲ. ಟೇಪನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಎಲ್ಲರೂ ತಲೆಗೆ ತಲೆ ತಾಗಿಸಿ ನಿಂತೆವು. ಡ್ರಮ್ಮು ಚೆನ್ನಾಗಿದೆ, ಗಿಟಾರು ಚೆನ್ನಾಗಿದೆ, ನಿನ್ನ ದನಿಯೂ ಚೆನ್ನಾಗಿದೆ. ಹುಟ್ಟಿದ ದಿನ ಪೀಪಿ ಊದಿದ ಹಾಗೆ ಅತ್ತು ವಾರ್ಡಿನವರ ನಿದ್ದೆ ಕೆಡಿಸಿದವಳು ನೀನು. ಇಷ್ಟು ದೂರ ಬಂದೆಯಲ್ಲ, ಸಂತೋಷ.

ಆದರೆ "ಬಾಗಿಲ ತಟ್ಟಿದರು, ಹೆಸರ ಹೇಳಲಿಲ್ಲ" ಎಂದು ಹಾಡಿ ಸುಮ್ಮನಾದೆ. ನಾನು ಟೇಪು ಸಿಕ್ಕಿಹಾಕಿಕೊಂಡಿತೆಂದು ಅದರ ನೆತ್ತಿಗೆ ಒಂದು ಕೊಟ್ಟೆ. ಇಸ್ತ್ರಿಯವಳು ನನ್ನ ಕೈ ಹಿಡಿದುಕೊಂಡಳು. "ಕೆಟ್ಟಿಲ್ಲ ಕಣಕ್ಕ, ಅದು ಇರೋದೇ ಹಾಗೆ. ಆ ಸುಮ್ಮನಿರೋದಕ್ಕೇ ಜನ ಸಾಯ್ತಿರೋದು" ಅಂದಳು.

ಆ ಜಾಗದಲ್ಲಿ ಏನಿತ್ತು ಎಂಬುದು ನಿನಗೆ ನೆನಪಿದೆ. ಒಣಗಿದ ಬೆಡ್‌ಶೀಟಿನ ಆ ತುದಿಯಲ್ಲಿ ನೀನು, ಈ ತುದಿಯಲ್ಲಿ ನಾನು. ನೀನು ಎಳೆದು ಒಂದು ಸಾಲು ಕೊರಗಬೇಕು, ನಾನು ಬಟ್ಟೆ ಜಾಡಿಸಿ ಅದಕ್ಕೆ ಉತ್ತರ ಕೊಡಬೇಕು. ಆಮೇಲೆ ಇಬ್ಬರೂ ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ನೀನು ಮೊಣಕಾಲುದ್ದ ಇದ್ದಾಗಿನಿಂದ ನನ್ನೆದುರು ತುದಿ ಹಿಡಿದವಳು. "ಬಾಗಿಲ ತಟ್ಟಿದರು, ಹೆಸರ ಹೇಳಲಿಲ್ಲ" ಎಂದು ನೀನು ಕಣ್ಣು ಮೇಲೆ ಮಾಡಿದರೆ "ಕಸದವನು ಕಣೇ ಪೆದ್ದಿ, ಬುಟ್ಟಿ ಹೊರಗಿಡು!" ಎಂದು ನಾನು. ಇಡೀ ಲಾಂಡ್ರಿ ನಗುತ್ತಿತ್ತು. ನಮ್ಮದು ನಗುವ ಹಾಡು. ನೀನು ನನ್ನನ್ನು ಕಿತ್ತುಹಾಕಿ ಅದನ್ನು ಅಳುವ ಹಾಡು ಮಾಡಿಕೊಂಡಿದ್ದೀಯ.

ಪತ್ರಿಕೆಯಲ್ಲಿ ಬಂದ ನಿನ್ನ ಸಂದರ್ಶನವನ್ನೂ ಓದಿದೆ. ಚಿಕ್ಕಂದಿನಲ್ಲಿ ನದಿಯ ದಡದಲ್ಲಿ ಒಬ್ಬಳೇ ಕೂತು ಮೌನವನ್ನು ಕಲಿತೆಯಂತೆ. ಯಾವ ನದಿ ಮಗಳೇ? ನೀನು ಕಂಡ ನೀರೆಂದರೆ ನಮ್ಮ ತೊಟ್ಟಿಯದು, ಅದೂ ಸಾಬೂನಿನ ನೊರೆಯದು. ಕ್ಯಾಸೆಟ್ಟಿನ ಮೇಲೆ ಹಾಡು ಕಟ್ಟಿದವರು ಯಾರು ಎನ್ನುವ ಕಡೆ "ಜನಪದ" ಎಂದು ಹಾಕಿಸಿದ್ದೀಯ. ನಾನು ಒಬ್ಬಳು ಹೆಂಗಸು. ಯಾವಾಗಿನಿಂದ ಇಷ್ಟೊಂದು ಜನ ಆದೆನೋ ಗೊತ್ತಾಗಲಿಲ್ಲ.

ಫೋನು ಮಾಡಬೇಡ, ಕಾಗದ ಬರೆ. ಫೋನಿನಲ್ಲಿ ನೀನು ನನ್ನ ಜೊತೆ ಮಾತಾಡುತ್ತಲೇ ಇನ್ನೊಬ್ಬರ ಜೊತೆ ಮಾತಾಡುತ್ತಿರುತ್ತೀಯ. ನನಗೂ ಗಂಟಲು ಸರಿಯಿಲ್ಲ. ಉಗಿಗೆ ಹಿಡಿದುಕೊಂಡಿರಬೇಕು.

ಮೆಚ್ಚಿಕೊಂಡೂ ಬೈದೂ,
ಅಮ್ಮ


ಮಾರ್ಚ್ ೧೧

ಅಮ್ಮ,

ನಿನ್ನ ಕಾಗದ ನಾನು ಬಿಟ್ಟು ಹೋದ ಊರುಗಳನ್ನೆಲ್ಲ ಸುತ್ತಿ ಇಲ್ಲಿಗೆ ಬಂತು. ಹೋಟೆಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೋಣೆಯೊಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋಗುವುದು ಬೆಡ್‌ಶೀಟಿನ ಅಂಚಿಗೆ. ನೆಟ್ಟಗೆ ಮಡಿಸಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ನಿನ್ನಿಂದ ಬಂದ ಆಸ್ತಿ ಇದು.

ಬೈದಿದ್ದೀಯ, ಬೈಸಿಕೊಂಡೆ. ಆದರೆ ಆ ಮೌನ ಎಲ್ಲಿಂದ ಬಂತು ಎಂಬುದನ್ನು ಕೇಳು. ಮನೆ ಬಿಟ್ಟ ಮೊದಲ ವರ್ಷಗಳಲ್ಲಿ ಹೋಟೆಲುಗಳಲ್ಲಿ ಹಾಡುತ್ತಿದ್ದೆ. ತಟ್ಟೆ ಚಮಚಗಳ ಸದ್ದಿನ ನಡುವೆ, ಬೇರೆಯವರ ಸಿನಿಮಾ ಹಾಡುಗಳು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಒಂದು ಸಂಜೆ ರೋಸಿಹೋಗಿ ನಮ್ಮ ಬಾಗಿಲ ಹಾಡು ಎತ್ತಿಕೊಂಡೆ. ಮೊದಲ ಸಾಲು ಮುಗಿಸಿ ಅಭ್ಯಾಸದಂತೆ ನಿನಗಾಗಿ ಕಾದೆ. ನೀನು ಅಲ್ಲಿರಲಿಲ್ಲ. ನಾನು ಕಾಯುತ್ತ ನಿಂತಿದ್ದಾಗ ಚಮಚಗಳು ನಿಂತವು. ಮೂಲೆಯ ಮೇಜಿನಲ್ಲಿ ಕ್ಯಾಸೆಟ್ ಕಂಪನಿಯ ಯಜಮಾನರು ಊಟಕ್ಕೆ ಕೂತಿದ್ದರು. ಕೈ ತೊಳೆಯದೆ ಎದ್ದು ಬಂದು ನನ್ನ ವಿಳಾಸ ಕೇಳಿದರು.

ನೀನು ತಿಳಿದಂತೆ ನಾನು ಪ್ರಯತ್ನ ಪಡದೆ ನಿನ್ನನ್ನು ಬಿಟ್ಟವಳಲ್ಲ. ಕಂಪನಿಯವರ ಸ್ಟುಡಿಯೋದಲ್ಲಿ ಬೇರೆ ಹೆಂಗಸೊಬ್ಬಳಿಂದ ನಿನ್ನ ಸಾಲು ಹಾಡಿಸಿ ನೋಡಿದೆ. ವಾದ್ಯದವರೆಲ್ಲ ನಕ್ಕರು. ನಕ್ಕ ಮೇಲೆ ಹಾಡಿನಲ್ಲಿ ಏನೂ ಉಳಿಯಲಿಲ್ಲ. "ಇದು ಬಂದ್ರೆ ಹಾಡು ಸೀದಾ ಲಾಂಡ್ರಿಗೆ ವಾಪಸ್ ಹೋಗತ್ತೆ ಕಣಮ್ಮ. ಜನ ಅಲ್ಲಿಗೆ ಬರಲ್ಲ" ಎಂದರು ಯಜಮಾನರು. ಅವರು ಹೇಳಿದ್ದು ಸರಿ. ನನಗೆ ಬೇಜಾರಾಗಲಿಲ್ಲ, ಸರಿಯೆನಿಸಿತು, ಅಷ್ಟೆ.

ನೇರವಾಗಿ ಹೇಳಿಬಿಡುತ್ತೇನೆ, ನೀನೂ ನೇರ ಮಾತಿನವಳು. ನೀನು ಅಲ್ಲಿ ಇಲ್ಲದಿರುವುದೇ ನನ್ನ ಹಾಡು, ಅಮ್ಮ. ನೀನು ಬಂದರೆ ಅದು ಇರುವುದಿಲ್ಲ.

ನದಿಯ ವಿಷಯ ಪತ್ರಿಕೆಯವನೇ ಸೇರಿಸಿದ್ದು. ನಾನು ಅಲ್ಲ ಎನ್ನಲಿಲ್ಲ. ಗಂಟಲಿಗೆ ಬಿಸಿನೀರು ಕುಡಿ.

ನಿನ್ನ
ಪೀಪಿ


ಮಾರ್ಚ್ ೨೫

ಪೀಪಿ,

ಬಿಸಿನೀರು ಕುಡಿದೆ. ಅದರಿಂದಾಗುವ ಕೆಲಸವಲ್ಲವಂತೆ.

ನಮ್ಮದೇ ಆಸ್ಪತ್ರೆಯ ಗಂಟಲಿನ ಡಾಕ್ಟರು ಬಾಯೊಳಗೆ ಕನ್ನಡಿ ಬಿಟ್ಟು ನೋಡಿದರು. ಈ ಮನುಷ್ಯನ ಬಿಳಿ ಕೋಟನ್ನು ನಾನು ಎಷ್ಟು ವರ್ಷದಿಂದ ಒಗೆಯುತ್ತಿದ್ದೇನೋ, ಎಡ ಜೇಬಿನಲ್ಲಿ ಸದಾ ಶಾಯಿ ಸೋರಿಸಿಕೊಂಡಿರುತ್ತಾನೆ. ನನ್ನನ್ನು ಮಾತ್ರ ಅವತ್ತೇ ಮೊದಲು ಕಂಡ ಹಾಗೆ ನೋಡಿದ. ಒಳಗೆ ಗಡ್ಡೆ ಇದೆ, ಕೆಟ್ಟದ್ದು, ದನಿಯ ಪೆಟ್ಟಿಗೆಯನ್ನೇ ತೆಗೆದುಬಿಡಬೇಕು ಅಂದ. ಮೇ ತಿಂಗಳ ಕೊನೆಗೆ ದಿನ ಕೊಟ್ಟಿದ್ದಾರೆ. "ಆಮೇಲೆ ಮಾತು, ಡಾಕ್ಟ್ರೇ?" ಅಂತ ಕೇಳಿದೆ. "ಬರೆಯೋಕೆ ಬರುತ್ತಲ್ಲಮ್ಮ ನಿಮಗೆ?" ಅಂದ.

ಬರೆಯಲು ಬರುತ್ತದೆ, ನೋಡು. ಬರೆಯುತ್ತಿದ್ದೇನೆ.

ನೀನು ನನ್ನನ್ನು ಹಾಡಿನಿಂದ ತೆಗೆದದ್ದು ಸರಿ ಎಂದು ಬರೆದಿದ್ದೀಯ. ಅದರ ಮೇಲೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ನನ್ನದು ಬೇರೆ ಮಾತು. ಮೇ ತಿಂಗಳ ಒಳಗೆ ಒಂದು ಮಧ್ಯಾಹ್ನ ಬಾ. ನಿನ್ನ ಜೊತೆ ಒಂದು ಟೇಪ್ ರೆಕಾರ್ಡರ್ ತಾ. ಒಂದು ಬುಟ್ಟಿ ಬಟ್ಟೆ ಮಡಿಸೋಣ. ನೀನು ಎಳೆ, ನಾನು ಉತ್ತರ ಕೊಡುತ್ತೇನೆ, ಅದು ಟೇಪಿನಲ್ಲಿ ಕೂರಲಿ. ಅದನ್ನು ಯಾರಿಗೂ ಕೇಳಿಸಬೇಕಿಲ್ಲ. ನನ್ನ ಕಪಾಟಿನಲ್ಲಿ ಇರಲಿ, ಸಾಕು.

ಇಸ್ತ್ರಿಯವಳು ತನ್ನ ಮೈದುನನ ಟೇಪ್ ಮಿಷನ್ನು ತಂದು "ಹಾಡಕ್ಕ, ನಾನೇ ತುಂಬಿಸ್ಕೊಳ್ತೀನಿ" ಎಂದು ಮುಂದೆ ಇಟ್ಟಳು. ಬಾಯಿ ಬರಲಿಲ್ಲ. ಜೀವಮಾನವೆಲ್ಲ ನಾನು ಹಾಡಿದ್ದು ಉತ್ತರವನ್ನೇ. ಯಾರೂ ಕೇಳದೆ ಉತ್ತರ ಹೇಗೆ ಕೊಡಲಿ? ಅವಳು ಆ ಕಡೆ ನಿಂತು ಕೊರಗಿ ನೋಡಿದಳು, ನನಗೆ ಬರೀ ಕೆಮ್ಮು ಬಂತು. ಆ ತುದಿಯಲ್ಲಿ ನೀನೇ ಬೇಕು.

ನನ್ನದೆಂದು ಒಂದು ಫೋಟೋ ಇದೆ, ನಿನ್ನನ್ನು ಎತ್ತಿಕೊಂಡಿರುವುದು. ದನಿ ಎಲ್ಲಿಯೂ ಇಲ್ಲ. ಇದ್ದ ಎಲ್ಲವೂ ಗಾಳಿಗೆ ಹೋಗಿದೆ. ಬೇಡುತ್ತಿದ್ದೇನೆ ಎಂದೇ ತಿಳಿ. ಎರಡನೇ ಸಲ ಬೇಡುವುದಿಲ್ಲ.

ಕಾಯುತ್ತಿರುವ
ಅಮ್ಮ


ಏಪ್ರಿಲ್ ೯

ಅಮ್ಮ,

ಮೊದಲು ನೀನು ಬರೆದದ್ದು ಎದೆನೋವು. ನಾನು ಮೊದಲ ಕ್ಯಾಸೆಟ್ಟಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದೆ. ಬಂದರೆ ನೀನು ತೊಟ್ಟಿಯ ಪಕ್ಕ ನಿಂತು ದಿಂಬಿನ ಚೀಲ ಜಾಡಿಸುತ್ತಿದ್ದೆ. "ಹಾಗೆ ಬರೀದೆ ಇದ್ರೆ ನೀನು ಬರ್ತಿದ್ಯಾ?" ಎಂದು ನಕ್ಕೆ. ಆಮೇಲೆ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದದ್ದು. ಆಗಲೂ ಬಂದೆ. ನೀನು ಆ ಕಾಲಿನ ಮೇಲೆಯೇ ನಿಂತು ನನಗೆ ಬಾಗಿಲು ತೆಗೆದೆ. ಆ ಸಲ ನಾನು ಬಿಟ್ಟು ಬಂದ ಕಾರ್ಯಕ್ರಮದಲ್ಲಿ ಬೇರೊಬ್ಬಳು ಹಾಡಿ ಹೆಸರು ಮಾಡಿದಳು, ಇವತ್ತಿಗೂ ಅವಳ ಫೋಟೋ ನನ್ನ ಫೋಟೋಗಿಂತ ದೊಡ್ಡದಾಗಿ ಬರುತ್ತದೆ.

ಈಗ ಗಂಟಲು. ಮಗಳು ಹಾಡುಗಾರ್ತಿ, ಅದಕ್ಕೆ ಅಮ್ಮನಿಗೆ ಗಂಟಲಿನ ರೋಗ. ಚೆನ್ನಾಗಿ ಹೊಂದಿಸಿದ್ದೀಯ. ಡಾಕ್ಟರ ಜೇಬಿನ ಶಾಯಿಯನ್ನೂ ಬಿಡಲಿಲ್ಲ. ನೀನು ಕತೆ ಬರೆದಿದ್ದರೆ ನನಗಿಂತ ಹೆಸರು ಮಾಡುತ್ತಿದ್ದೆ.

ನಾನು ಕೋಪದಲ್ಲಿ ಬರೆಯುತ್ತಿಲ್ಲ. ನಿನಗೆ ನನ್ನನ್ನು ನೋಡಬೇಕೆನಿಸಿದೆ, ಅದನ್ನು ಹಾಗೆಂದೇ ಬರೆಯಲು ನಿನಗೆ ಬರುವುದಿಲ್ಲ. ಜೂನ್ ಮುಗಿಯಲಿ, ಖಂಡಿತ ಬರುತ್ತೇನೆ. ಮೇ ೧೭ಕ್ಕೆ ನಿನ್ನ ಊರಿನ ದೊಡ್ಡ ಸಭಾಂಗಣದಲ್ಲೇ ನನ್ನ ಕಾರ್ಯಕ್ರಮವಿದೆ. ಅದನ್ನು ಟೇಪು ಮಾಡಿ ಹೊಸ ಕ್ಯಾಸೆಟ್ಟಾಗಿ ತರುತ್ತಾರೆ. ಆ ದಿನ ಬಂದು ಆ ದಿನವೇ ಹೋಗುವುದು, ಮನೆಗೆ ಬರಲು ಪುರುಸೊತ್ತಿಲ್ಲ. ನೀನು ಅಲ್ಲಿಗೆ ಬರುವುದು ಬೇಡ. ಟಿಕೆಟ್ಟೆಲ್ಲ ಖಾಲಿಯಾಗಿದೆ, ಆ ನೂಕುನುಗ್ಗಲು ನಿನಗೆ ಆಗಿಬರುವುದಿಲ್ಲ.

ಕೋಪ ಮಾಡಿಕೊಳ್ಳಬೇಡ.

ಪೀಪಿ


ಏಪ್ರಿಲ್ ೧೮

ಪೀಪಿ,

ಸಿಕ್ಕಿಬಿದ್ದೆ. ಗಂಟಲು ಕಲ್ಲುಗುಂಡಿನ ಹಾಗಿದೆ. ಎದೆಯೂ ಕಾಲೂ ಅಷ್ಟೆ.

ನಿನ್ನ ಕೆಲಸ ನೋಡಿಕೋ.

ಅಮ್ಮ


ಮೇ ೨೪

ಹಾಡುಗಾರ್ತಿಯವರಿಗೆ,

ನಾನು ಇಸ್ತ್ರಿಯವಳು. ನಿನಗೆ ತಲೆ ಬಾಚಿ ಜಡೆ ಹಾಕಿದವಳು, ಆದ್ದರಿಂದ ನೀನು ಎಂದೇ ಬರೆಯುತ್ತೇನೆ. ನಿಮ್ಮಮ್ಮ ನಿನಗೆ ಏನೂ ಬರೆಯಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕೊಟ್ಟ ಮಾತಿಗೆ ತಪ್ಪುತ್ತಿದ್ದೇನೆ.

ಮೊನ್ನೆ ಇಪ್ಪತ್ತೆರಡಕ್ಕೆ ಅವಳ ಗಂಟಲು ಕತ್ತರಿಸಿದರು. ಬದುಕಿದ್ದಾಳೆ. ಕುತ್ತಿಗೆಯಲ್ಲಿ ಒಂದು ತೂತು, ಅದರಲ್ಲಿ ಉಸಿರು. ದನಿ ಹೋಯಿತು, ಇನ್ನು ಬರುವುದಿಲ್ಲ. ಕಾಗದದಲ್ಲಿ ಬರೆದಿದ್ದಳಂತೆ, ನೀನು ನಂಬಲಿಲ್ಲವಂತೆ. ಅವಳು ಸುಳ್ಳಿ ಎಂಬುದು ನನಗೂ ಗೊತ್ತು. ಆದರೆ ಹೆತ್ತ ತಾಯಿ ತನ್ನ ಗಂಟಲು ಕೊಯ್ಯುತ್ತಾರೆ ಎಂದು ಬರೆದರೆ ಒಂದು ಫೋನು ಮಾಡಿ ಆಸ್ಪತ್ರೆಯವರನ್ನಾದರೂ ಕೇಳಬಹುದಿತ್ತು. ನಾವು ಎಲ್ಲಿಗೂ ಓಡಿಹೋಗಿರಲಿಲ್ಲ.

ಹದಿನೇಳರಂದು ಸಭಾಂಗಣದಲ್ಲಿ ಮೇಲಿನ ಸಾಲಿನಿಂದ ಕೂಗಿದ್ದು ನಿಮ್ಮಮ್ಮ. ಪಕ್ಕದಲ್ಲಿದ್ದದ್ದು ನಾನು. ಟಿಕೆಟ್ಟು ಖಾಲಿ ಎಂದು ನೀನು ಬರೆದಿದ್ದೆಯಂತೆ. ನಮಗೆ ಬಾಗಿಲಲ್ಲೇ ಸಿಕ್ಕಿತು, ನಮ್ಮ ಸಾಲಿನಲ್ಲಿ ಕಾಲು ಚಾಚಿ ಕೂರುವಷ್ಟು ಜಾಗವೂ ಇತ್ತು. ಅವಳ ಬಟ್ಟೆಯನ್ನು ನಾನೇ ಇಸ್ತ್ರಿ ಮಾಡಿಕೊಟ್ಟಿದ್ದೆ. ಸುಮ್ಮನೆ ಕೇಳಿ ಬರೋಣ ಎಂದೇ ಹೊರಟಿದ್ದು. ನೀನು ಬಾಗಿಲ ಹಾಡು ಎತ್ತಿಕೊಂಡೆ, ಮೊದಲ ಸಾಲು ಹಾಡಿದೆ, ನಿಲ್ಲಿಸಿದೆ. ಇವಳು ಎದ್ದು ನಿಂತು "ಕಸದವನು ಕಣೇ ಪೆದ್ದಿ, ಬುಟ್ಟಿ ಹೊರಗಿಡು!" ಎಂದು ಹಾಡಿಬಿಟ್ಟಳು. ಅಷ್ಟು ಕೆಟ್ಟ ಗಂಟಲಲ್ಲಿ ಅದು ಹೇಗೆ ಅಷ್ಟು ನೆಟ್ಟಗೆ ಬಂತೋ, ನನ್ನ ಮೈ ಜುಮ್ಮೆಂದಿತು. ಜನ ನಕ್ಕರು. ಅದು ಒಳ್ಳೆಯ ನಗು, ಲಾಂಡ್ರಿಯ ನಗು.

ಆಮೇಲೆ ನೀನು ಮೈಕಿನಲ್ಲಿ ಏನು ಹೇಳಿದೆ ಎಂಬುದು ನಿನಗೆ ನೆನಪಿಲ್ಲದಿದ್ದರೆ ನಾನು ಬರೆಯುತ್ತೇನೆ. "ಯಾರೋ ಅಜ್ಜಿಗೆ ಕಸ ಹಾಕೋ ಹೊತ್ತಾಯ್ತು ಅಂತ ಕಾಣತ್ತೆ. ಬಾಗಿಲು ಹಿಂದುಗಡೆ ಇದೆ, ಯಾರಾದ್ರೂ ತೋರ್ಸಿ." ಜನ ಮತ್ತೆ ನಕ್ಕರು. ಆ ನಗು ಬೇರೆ. ಸಮವಸ್ತ್ರದ ಇಬ್ಬರು ಗಂಡಸರು ಬಂದು ಅವಳ ರಟ್ಟೆ ಹಿಡಿದರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು "ಚೆನ್ನಾಗ್ ಕೊಟ್ಲು ಉತ್ತರ. ನನ್ ಮಗಳೇ ಸೈ" ಎಂದಳು.

ಆಪರೇಷನ್ನಿಗೆ ಹೋಗುವ ತನಕ ಅವಳು ಮತ್ತೆ ಹಾಡಲಿಲ್ಲ. ಅದೇ ಕೊನೆಯದು.

ನಿನಗೆ ಶಾಪ ಹಾಕೋಣವೆಂದು ಕೂತೆ. ಜಡೆ ಹಾಕಿದ ಕೈ, ಹಾಕಲಾಗಲಿಲ್ಲ.

ಇಸ್ತ್ರಿ ಚಿಕ್ಕಮ್ಮ


ಜೂನ್ ೬

ಅಮ್ಮ,

ಚಿಕ್ಕಮ್ಮನ ಕಾಗದ ಬಂತು. ಮೂರು ಸಲ ಬರೆದು ಹರಿದು ಹಾಕಿದೆ.

"ಸಿಕ್ಕಿಬಿದ್ದೆ" ಎಂದು ಯಾಕೆ ಬರೆದೆ? ನಾನು ತಪ್ಪು ತಿಳಿದಿದ್ದರೆ ತಿದ್ದಬೇಕಾದವಳು ನೀನು. ಒಂದೇ ಒಂದು ಸಾಲು, "ಇದು ನಿಜ ಕಣೇ" ಎಂದು ಬರೆದಿದ್ದರೆ ಓಡಿ ಬರುತ್ತಿದ್ದೆ. ನೀನು ಬರೆಯಲಿಲ್ಲ. ನಾನು ತಪ್ಪು ಮಾಡಲಿ, ಜೀವನವಿಡೀ ಅದನ್ನು ಹೊತ್ತು ತಿರುಗಲಿ ಎಂದು ಬೇಕೆಂದೇ ಬಿಟ್ಟೆ. ನಿನ್ನ ಹಠದ ಮುಂದೆ ನನ್ನದು ಏನೂ ಅಲ್ಲ.

ಸಭಾಂಗಣದ ವಿಷಯ. ವೇದಿಕೆಯ ಮೇಲೆ ನಿಂತವರಿಗೆ ದೀಪ ಕಣ್ಣಿಗೆ ಹೊಡೆಯುತ್ತದೆ, ಎದುರಿಗೆ ಬರೀ ಕತ್ತಲು. ಕಿವಿಯಲ್ಲಿ ಡ್ರಮ್ಮಿನ ಸದ್ದು ಇನ್ನೂ ಗುಂಯ್‌ಗುಡುತ್ತಿರುತ್ತದೆ. ಕುಡಿದವರು ಕೂಗುವುದು ದಿನವೂ ಇದ್ದದ್ದೇ, ಅದಕ್ಕೆ ಒಂದು ಮಾತು ಎಸೆದು ಮುಂದೆ ಹೋಗುವುದನ್ನು ಹೋಟೆಲಿನ ದಿನಗಳಲ್ಲಿ ಕಲಿತೆ. ನಿನ್ನ ದನಿ ಎಂದು ನನಗೆ ಗೊತ್ತಾಗಲಿಲ್ಲ. ನನ್ನಾಣೆ.

ಇಲ್ಲಿ ಕಾರ್ಯಕ್ರಮಗಳು ಒಪ್ಪಿಕೊಂಡಾಗಿದೆ, ಬಿಟ್ಟು ಬರುವ ಹಾಗಿಲ್ಲ. ಜುಲೈ ಮುಗಿಯಲಿ, ಬಂದೇ ಬರುತ್ತೇನೆ. ಒಳ್ಳೆಯ ರೇಡಿಯೋ ಒಂದನ್ನು ಕಳಿಸುತ್ತಿದ್ದೇನೆ. ಮಲಗಿದ ಕಡೆಯೇ ಕೇಳಬಹುದು.

ಬರೆ. ಬೈದಾದರೂ ಬರೆ.

ಪೀಪಿ


ಜುಲೈ ೨

ಪೀಪಿ,

ರೇಡಿಯೋ ಬಂತು. ಗುಂಡಿ ತಿರುಗಿಸಿದ ಕೂಡಲೇ ನೀನೇ ಬಂದೆ. ಮಲಗಿದ ಕಡೆಯಿಂದ ಆರಿಸಲು ಕೈಗೆ ಸಿಗುವುದಿಲ್ಲ, ಪೂರ್ತಿ ಕೇಳಬೇಕಾಯಿತು.

ಈಗ ಎದ್ದು ಓಡಾಡುತ್ತೇನೆ. ಲಾಂಡ್ರಿಗೂ ಹೋಗುತ್ತೇನೆ. ಮೊದಲು ಬೈಯಬೇಕೆಂದರೆ ಬಾಯಿ ತೆರೆದರೆ ಆಗುತ್ತಿತ್ತು. ಈಗ ಚೀಟಿ ಹುಡುಕಿ ಪೆನ್ನು ಹುಡುಕುವಷ್ಟರಲ್ಲಿ ಬೈಸಿಕೊಳ್ಳಬೇಕಾದವಳು ಮನೆಗೆ ಹೋಗಿರುತ್ತಾಳೆ. ಎಲ್ಲರೂ ನನ್ನನ್ನು ಒಳ್ಳೆಯವಳು ಎನ್ನಲು ಶುರುಮಾಡಿದ್ದಾರೆ. ಇದಕ್ಕಿಂತ ಅವಮಾನ ಬೇರೆ ಇಲ್ಲ.

ನಿನ್ನ ಆಣೆಯ ಮಾತಿಗೆ ಬರುತ್ತೇನೆ. "ಕಸದವನು ಕಣೇ ಪೆದ್ದಿ" ಎಂಬ ಸಾಲು ಈ ಲಾಂಡ್ರಿಯ ಆಚೆ ಯಾವ ಕುಡುಕನಿಗೆ ಗೊತ್ತಿದೆ? ನಿನಗೆ ನನ್ನ ಮುಖ ಕಾಣದೇ ಇರಬಹುದು. ನನಗೆ ನಿನ್ನ ಕೈ ಕಾಣುತ್ತಿತ್ತು. ನಾನು ಹಾಡಿದ ಕೂಡಲೇ ನಿನ್ನ ಎರಡೂ ಕೈ ಮುಷ್ಟಿ ಕಟ್ಟಿ ಎದೆಯ ಹತ್ತಿರ ಬಂದವು, ತುದಿ ಹಿಡಿಯುವವರ ಹಾಗೆ. ಒಂದು ಹೆಜ್ಜೆ ಮುಂದಕ್ಕೂ ಬಂದೆ, ತುದಿಗೆ ತುದಿ ಸೇರಿಸುವವಳ ಹಾಗೆ. ಆಮೇಲೆ ಮೈಕು ಹಿಡಿದುಕೊಂಡೆ. ನಿನಗೆ ಗೊತ್ತಾಯಿತು. ಗೊತ್ತಾಗಿಯೇ ಅಂದೆ.

ನೀನು ಬರೆದದ್ದೂ ಸರಿ. "ಸಿಕ್ಕಿಬಿದ್ದೆ" ಎಂದು ಬೇಕೆಂದೇ ಬರೆದೆ. ನೀನು ನಂಬಲಿಲ್ಲವಲ್ಲ, ಅನುಭವಿಸು ಎಂದು ಬರೆದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು, ನಾವಿಬ್ಬರೂ ಒಳ್ಳೆಯವರಲ್ಲ. ಅದು ಅಲ್ಲಿಗಿರಲಿ.

ಈಗ ಒಂದು ಕೆಲಸ ಆಗಬೇಕು. ಎರಡನೇ ಸಲ ಬೇಡುವುದಿಲ್ಲ ಅಂದಿದ್ದೆ, ಬೇಡುತ್ತಿದ್ದೇನೆ. ಅವತ್ತಿನ ಕಾರ್ಯಕ್ರಮವನ್ನು ಟೇಪು ಮಾಡುತ್ತಾರೆ ಎಂದು ನೀನು ಬರೆದಿದ್ದೆ. ನಮ್ಮ ತಲೆಯ ಮೇಲೂ ಮೈಕು ತೂಗುಹಾಕಿದ್ದರು, ಜನರ ಚಪ್ಪಾಳೆ ಹಿಡಿಯಲೆಂದು. ಹಾಗಾದರೆ ನಾನು ಅದರಲ್ಲಿದ್ದೇನೆ. ಅಷ್ಟು ತುಂಡನ್ನು ಒಂದು ಕ್ಯಾಸೆಟ್ಟಿಗೆ ಹಾಕಿ ಕಳಿಸು. ನಿನ್ನ ಸಾಲು, ನನ್ನ ಸಾಲು. ಜನ ನಕ್ಕದ್ದೂ ಇರಲಿ. ನೀನು ಅಂದದ್ದೂ ಇರಲಿ, ಕತ್ತರಿಸಬೇಡ, ನನಗೇನೂ ಬೇಜಾರಿಲ್ಲ. ಅದೂ ಉತ್ತರವೇ. ನಾವಿಬ್ಬರು ಸೇರಿ ಹಾಡಿದ ಕೊನೆಯ ಹಾಡು ಅದು.

ಯಾಕೆ ಬೇಕೆಂದರೆ, ಮರೆಯುತ್ತಿದ್ದೇನೆ. ನನ್ನ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಕೂರುತ್ತೇನೆ. ತಲೆಯೊಳಗೆ ಸಾಲು ಬರುತ್ತದೆ, ದನಿ ಬರುವುದಿಲ್ಲ. ಈಚೆಗೆ ನನ್ನ ಸಾಲನ್ನೂ ಅಲ್ಲಿ ನೀನೇ ಹಾಡುತ್ತೀಯ. ರೇಡಿಯೋ ಕೇಳಿ ಕೇಳಿ ಹಾಗಾಗಿದೆ. ಭಯವಾಗುತ್ತದೆ ಪೀಪಿ. ಒಂದು ಸಲ ನನ್ನದನ್ನು ಕೇಳಿಬಿಟ್ಟರೆ ಆಮೇಲೆ ನೀನು ಹೇಗೆ ಬೇಕಾದರೂ ಹಾಡಿಕೋ.

ಬೇಗ ಕಳಿಸು.

ಅಮ್ಮ


ಜುಲೈ ೪

ಅಮ್ಮ,

ನಿನ್ನಿಂದ ಒಂದಕ್ಷರ ಇಲ್ಲ. ಬೈಗುಳವೂ ಇಲ್ಲ. ನೀನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೀಯ ಎಂದು ತಿಳಿದು ನಾನೇ ಬರೆಯುತ್ತಿದ್ದೇನೆ.

ನನ್ನಾಣೆ ಎಂದು ಬರೆದಿದ್ದೆ. ಅದು ಸುಳ್ಳು. ಗೊತ್ತಾಗಿತ್ತು. ಬಾಯಿಗೆ ಬಂದದ್ದು ಬಂದುಬಿಟ್ಟಿತು, ಜನ ನಕ್ಕರು, ಆ ನಗು ನನಗೆ ಹಿತವಾಯಿತು. ಅದಕ್ಕಿಂತ ಹೆಚ್ಚು ಬಿಡಿಸಿ ಬರೆಯಲಾರೆ.

ನಿನಗೆ ಏನು ಮಾಡಿದರೆ ಸರಿಹೋಗುತ್ತದೆ ಎಂದು ಯೋಚಿಸಿ ಯೋಚಿಸಿ ಇವತ್ತು ಒಂದು ಕೆಲಸ ಮುಗಿಸಿದೆ. ಕಂಪನಿಯ ಯಜಮಾನರು ಆ ತುಂಡನ್ನು ಕ್ಯಾಸೆಟ್ಟಿನಲ್ಲಿ ಹಾಗೇ ಇಡಬೇಕೆಂದು ಪಟ್ಟು ಹಿಡಿದಿದ್ದರು. "ಮಜಾ ಇದೆ, ಜನ ಇದನ್ನ ಕೇಳೋಕೇ ತಗೋತಾರೆ" ಎಂದು. ನೀನು ಕೂಗಿದ್ದು, ನಾನು ಅಂದದ್ದು, ಜನ ನಿನ್ನನ್ನು ನೋಡಿ ನಕ್ಕದ್ದು, ಎಲ್ಲವನ್ನೂ ಅಂಗಡಿ ಅಂಗಡಿಯಲ್ಲಿ ಹಾಕಿ ಕೇಳಿಸುತ್ತಾರೆ. ನಿನ್ನ ಅವಮಾನವನ್ನು ನಾನು ಮಾರುವುದಿಲ್ಲ ಎಂದೆ. ಮುಂದಿನ ಎರಡು ಕ್ಯಾಸೆಟ್ಟುಗಳನ್ನು ಅವರಿಗೇ ಮಾಡಿಕೊಡುತ್ತೇನೆಂದು ಬರೆದುಕೊಟ್ಟ ಮೇಲೆ ಒಪ್ಪಿದರು.

ಬೆಳಿಗ್ಗೆ ನಾನೇ ಸ್ಟುಡಿಯೋದಲ್ಲಿ ಕೂತು ಮೂಲ ಟೇಪಿನಿಂದಲೇ ಅಳಿಸಿಹಾಕಿಸಿದೆ. ಟೇಪಿನವನು "ಒಂದು ನಕಲು ಇಟ್ಕೊಳ್ಲಾ ಮೇಡಂ?" ಎಂದು ಕೇಳಿದ. ಬೇಡ, ಎಲ್ಲಿಯೂ ಉಳಿಯಕೂಡದು ಎಂದೆ. ಆ ಜಾಗಕ್ಕೆ ಇನ್ನೊಂದು ಊರಿನ ಕಾರ್ಯಕ್ರಮದ ಮೌನವನ್ನು ತಂದು ಕೂರಿಸಿದ. ಹಾಕಿ ಕೇಳಿಸಿದ. ಅಲ್ಲಿ ಏನಾದರೂ ನಡೆದಿತ್ತು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಇಷ್ಟು ವರ್ಷಗಳಲ್ಲಿ ನಿನಗಾಗಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಇದು. ಇನ್ನು ಯಾರೂ ನಿನ್ನನ್ನು ನೋಡಿ ನಗುವುದಿಲ್ಲ.

ನಿನ್ನ
ಪೀಪಿ


ಜುಲೈ ೯

ಅಮ್ಮ,

ನಿನ್ನ ಕಾಗದ ಈಗ ಕೈ ಸೇರಿತು.

ಟೇಪಿನವನ ಬಳಿಗೆ ಓಡಿದೆ. ಕಾಲು ಹಿಡಿಯುವುದೊಂದು ಬಾಕಿ. ಒಂದು ಸಲ ಅಳಿಸಿದ ಮೇಲೆ ಇಲ್ಲ ಮೇಡಂ, ನೀವೇ ಕೂತು ಅಳಿಸಿದಿರಲ್ಲ ಎನ್ನುತ್ತಾನೆ. ಟೇಪನ್ನು ತಂದಿಟ್ಟುಕೊಂಡು ಕಿವಿಗೆ ಒತ್ತಿಕೊಂಡು ಕೇಳಿದೆ. ಆ ಜಾಗದಲ್ಲಿ ಯಾವುದೋ ಊರಿನವರು ಯಾರೋ ಕೆಮ್ಮುತ್ತಾರೆ.

ಅಮ್ಮ, ನಿನ್ನ ಸಾಲುಗಳನ್ನೆಲ್ಲ ಬರೆದು ಕಳಿಸು. ಬಾಗಿಲ ಹಾಡಿನದು ಮಾತ್ರವಲ್ಲ, ನೆನಪಿರುವುದನ್ನೆಲ್ಲ. ನಾನು ಹಾಡುತ್ತೇನೆ. ನಿನ್ನ ಹಾಗೆಯೇ ಹಾಡುತ್ತೇನೆ, ನನಗೆ ಬರುತ್ತದೆ. ಕ್ಯಾಸೆಟ್ಟಿನ ಮೇಲೆ ನಿನ್ನ ಹೆಸರು ಹಾಕಿಸುತ್ತೇನೆ, ನನ್ನದಕ್ಕಿಂತ ಮೇಲೆ. ಈ ವಾರವೇ ಹೊರಟು ಬರುತ್ತೇನೆ, ಎಲ್ಲ ಬಿಟ್ಟು ಬರುತ್ತೇನೆ. ಬರಲೇ?

ಪೀಪಿ


ಜುಲೈ ೧೯

ಪೀಪಿ,

ಎರಡೂ ಕಾಗದ ಬಂದವು. ಮೊದಲು ನಾಲ್ಕನೇ ತಾರೀಖಿನದನ್ನು ಓದಿದೆ. ಇಸ್ತ್ರಿಯವಳಿಗೂ ಕೊಟ್ಟೆ, ಓದಿ ಹೊರಗೆ ಹೋಗಿ ನಿಂತಳು. ನಿನ್ನ ಮೇಲೆ ಸಿಟ್ಟು ಬರುವುದೇನೋ ಎಂದು ಕಾದೆ, ಬರಲಿಲ್ಲ. ನೀನು ಬೇಕೆಂದು ಮಾಡಿದ್ದರೆ ಸಿಟ್ಟಾಗಬಹುದಿತ್ತು. ಇದನ್ನು ಪ್ರೀತಿಯಿಂದ ಮಾಡಿದ್ದೀಯ. ಅದಕ್ಕೆ ಎಲ್ಲಿಂದ ಉತ್ತರ ತರಲಿ?

ಸಾಲುಗಳನ್ನು ಬರೆದು ಕಳಿಸುವುದಿಲ್ಲ. ಕಸದವನ ಸಾಲೊಂದನ್ನು ಬಿಟ್ಟರೆ ಉಳಿದವು ದಿನಕ್ಕೊಂದು. ನೀನು ಎಳೆದಾಗ ಬರುತ್ತಿದ್ದವು, ಮಡಿಸಿಟ್ಟ ಮೇಲೆ ಹೋಗುತ್ತಿದ್ದವು. ನನ್ನ ಹಾಗೆಯೇ ಹಾಡುತ್ತೇನೆ ಎಂದಿದ್ದೀಯ. ಅದೇ ನನಗೆ ಭಯ ಎಂದು ಬರೆದಿದ್ದೆ. ನೀನು ಕಾಗದವನ್ನೂ ಹಾಡು ಕೇಳುವ ಹಾಗೆ ಓದುತ್ತೀಯ, ನಿನ್ನ ಸಾಲು ಬರುವ ತನಕ ಕಾಯುತ್ತಿರುತ್ತೀಯ.

ಹೆಸರನ್ನೂ ಹಾಕಿಸಬೇಡ. "ಜನಪದ" ಎಂದೇ ಇರಲಿ. ಈಗ ಅದು ಸರಿಯಾಗಿದೆ. ಹಾಡಿದವಳ ದನಿ ಯಾರಿಗೂ ಗೊತ್ತಿಲ್ಲ.

ಬರಲೇ ಎಂದು ಕೇಳಿದ್ದೀಯ. ಬರಬೇಡ. ಬಂದರೆ ಮಾತೆಲ್ಲವನ್ನೂ ನೀನೊಬ್ಬಳೇ ಆಡಬೇಕಾಗುತ್ತದೆ. ನೀನು ಅಳುತ್ತೀಯ, ನಾನು ಬೈಯಬೇಕು, ಬೈದರೆ ನಿನಗೆ ಹಗುರಾಗುತ್ತದೆ. ನನ್ನ ಕೈಯಲ್ಲಿ ಆಗುವುದಿಲ್ಲ. ಆಗುತ್ತಿದ್ದರೂ ಬೈಯುತ್ತಿರಲಿಲ್ಲ.

ಬಟ್ಟೆ ಮಡಿಸುವಾಗ ಈಗ ನನ್ನೆದುರಿಗೆ ಇಸ್ತ್ರಿಯವಳು ನಿಲ್ಲುತ್ತಾಳೆ. ಅವಳಿಗೆ ಹಾಡು ಬರುವುದಿಲ್ಲ, ಆದರೆ ತುದಿಯನ್ನು ಗಟ್ಟಿಯಾಗಿ ಹಿಡಿಯುತ್ತಾಳೆ. ನೀನು ಕೊಟ್ಟ ರೇಡಿಯೋವನ್ನು ಲಾಂಡ್ರಿಗೆ ಕೊಂಡೊಯ್ದಿದ್ದೇನೆ. ನಿನ್ನೆ ಮಧ್ಯಾಹ್ನ ಬಾಗಿಲ ಹಾಡು ಬಂತು, ಅವತ್ತಿನ ಕಾರ್ಯಕ್ರಮದ್ದೇ ಎಂದು ರೇಡಿಯೋದವನು ಹೇಳಿದ. ಯಾರೋ ಯಂತ್ರಗಳನ್ನು ನಿಲ್ಲಿಸಿದರು. ನೀನು ಮೊದಲ ಸಾಲು ಹಾಡಿ ಸುಮ್ಮನಾದೆ. ಹೆಂಗಸರೆಲ್ಲ ತಿರುಗಿ ನನ್ನ ಮುಖ ನೋಡಿದರು. ಅದು ಅವರ ಅಭ್ಯಾಸ, ಅವರದೇನೂ ತಪ್ಪಿಲ್ಲ. ನಾನೂ ಬಟ್ಟೆ ಜಾಡಿಸಿ ಬಾಯಿ ತೆರೆದೆ.

ಆಮೇಲೆ ನಿನ್ನ ಎರಡನೇ ಸಾಲು ಬಂತು.

ಅಮ್ಮ